ಖರೀದಿ ಪಟ್ಟಿಗಿಂತ ಮೊದಲು ಪರೀಕ್ಷಾ ಮೈದಾನ

ಚಾಲಕನಿಲ್ಲದ ವಾಹನ ಕಟ್ಟಿ ಸ್ಪರ್ಧೆಗೆ ಇಳಿಯಲು ಹೊರಡುವ ವಿದ್ಯಾರ್ಥಿ ತಂಡಗಳು ಸಾಮಾನ್ಯವಾಗಿ ಮೊದಲು ಕೈಹಾಕುವುದು ಖರೀದಿ ಪಟ್ಟಿಗೆ. ಯಾವ ಲಿಡಾರ್ (ಲೇಸರ್ ಕಿರಣದಿಂದ ದೂರ ಅಳೆಯುವ ಸಾಧನ), ಎಷ್ಟು ಕ್ಯಾಮೆರಾ, ಯಾವ ಗ್ರಾಫಿಕ್ಸ್ ಕಾರ್ಡ್‌ನ ಕಂಪ್ಯೂಟರ್ ಎಂಬ ಚರ್ಚೆಯಲ್ಲೇ ತಿಂಗಳುಗಳು ಸರಿದುಹೋಗುತ್ತವೆ. ಪ್ರಾಯೋಜಕರ ಮುಂದೆ ಇಡುವ ಕಡತದಲ್ಲೂ ಅದೇ ಪಟ್ಟಿ, ವಾಹನ ಸಿದ್ಧವಾದಾಗ ಕಾಲೇಜು ಹೊರಡಿಸುವ ಪತ್ರಿಕಾ ಹೇಳಿಕೆಯಲ್ಲೂ ಅದೇ ಪಟ್ಟಿ. ಎಂಜಿನಿಯರಿಂಗ್ ಕಾಲೇಜುಗಳು ಇಷ್ಟೊಂದು ಇರುವ ಕರ್ನಾಟಕದಲ್ಲಿ ಈ ವಿಷಯವನ್ನು ಗಂಭೀರವಾಗಿ ಯೋಚಿಸುವ ಕಾಲ ಬಂದಿದೆ. ವಿಪ್ರೊ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್.ವಿ. ಎಂಜಿನಿಯರಿಂಗ್ ಕಾಲೇಜು ಸೇರಿ ರೂಪಿಸಿದ ಚಾಲಕರಹಿತ ಕಾರಿನ ಮಾದರಿಯೊಂದು 2025ರಲ್ಲಿ ಬೆಂಗಳೂರಿನಲ್ಲಿ ಪ್ರದರ್ಶನಗೊಂಡಿದೆ. ವಿದ್ಯಾರ್ಥಿಗಳೇ ವಾಹನ ಕಟ್ಟುವ ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಯಲ್ಲೂ ಈಗ ಸ್ವಯಂಚಾಲಿತ ವಾಹನಗಳಿಗೆ ಪ್ರತ್ಯೇಕ ವಿಭಾಗವಿದೆ. ಇಂಥ ಹೊತ್ತಿನಲ್ಲಿ, ಎರಡು ದಶಕಗಳ ಸ್ಪರ್ಧೆಗಳು ಕಲಿಸಿದ್ದನ್ನು ನಮ್ಮ ಹುಡುಗ ಹುಡುಗಿಯರು ಮತ್ತೆ ಸೊನ್ನೆಯಿಂದ ಕಲಿಯಬೇಕಾಗಿಲ್ಲ. ಆ ಸ್ಪರ್ಧೆಗಳ ಚರಿತ್ರೆಯಿಂದ ನಾನು ತಲುಪುವ ತೀರ್ಮಾನ ಇದು: ಸರಳವೂ ನಂಬಿಕಸ್ಥವೂ ಆದ ಹಾರ್ಡ್‌ವೇರನ್ನು ಬೇಗ ಆರಿಸಿ, ಆ ಆಯ್ಕೆಯನ್ನು ಮತ್ತೆ ಕೆದಕದೆ, ಉಳಿದ ಹಣ, ಸಮಯ, ಬುದ್ಧಿಯನ್ನೆಲ್ಲ ವಾಹನ ಓಡಿಸಿ, ಓಟವನ್ನು ದಾಖಲಿಸಿ, ದಾಖಲೆ ಓದಿ ಸಾಫ್ಟ್‌ವೇರ್ ತಿದ್ದುವುದಕ್ಕೆ ಸುರಿಯಬೇಕು.

ಮೊದಲ ಪುರಾವೆ ಅಮೆರಿಕದ ಮೊಜಾವೆ ಮರುಭೂಮಿಯದು. ಅಲ್ಲಿನ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ 2004ರ ಮಾರ್ಚ್ 13ರಂದು ನಡೆಸಿದ ‘ಗ್ರ್ಯಾಂಡ್ ಚಾಲೆಂಜ್’ನಲ್ಲಿ ಸುಮಾರು 240 ಕಿ.ಮೀ. ದಾರಿಯನ್ನು ಮನುಷ್ಯನ ಸಹಾಯವಿಲ್ಲದೆ ಕ್ರಮಿಸಬೇಕಿತ್ತು. ಬಹುಮಾನ 10 ಲಕ್ಷ ಡಾಲರ್. ಒಂದು ವಾಹನವೂ ಗುರಿ ಮುಟ್ಟಲಿಲ್ಲ. ಎಲ್ಲರಿಗಿಂತ ಮುಂದೆ ಹೋದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ‘ಸ್ಯಾಂಡ್‌ಸ್ಟಾರ್ಮ್’ 12 ಕಿ.ಮೀ. ಮುಗಿಯುವ ಮೊದಲೇ ಕಡಿದಾದ ತಿರುವಿನಲ್ಲಿ ಮಣ್ಣಿನ ದಿಬ್ಬ ಹತ್ತಿ ಸಿಕ್ಕಿಕೊಂಡಿತು. ಒಂದೂವರೆ ವರ್ಷದ ನಂತರ, 2005ರ ಅಕ್ಟೋಬರ್ 8ರಂದು, 212 ಕಿ.ಮೀ. ದಾರಿಯನ್ನು ಐದು ವಾಹನಗಳು ಪೂರೈಸಿದವು. ಅಂತಿಮ ಸುತ್ತಿಗೆ ಬಂದ 23 ವಾಹನಗಳ ಪೈಕಿ 22, ಹಿಂದಿನ ಸಲದ ಅತ್ಯುತ್ತಮ ಸಾಧನೆಯನ್ನು ಮೀರಿದವು. ಈ ನಡುವೆ ಮಾರುಕಟ್ಟೆಗೆ ಯಾವ ಮಾಯದ ಸೆನ್ಸರೂ ಬಂದಿರಲಿಲ್ಲ. 2005ರಲ್ಲಿ ಹೆಚ್ಚಿನ ತಂಡಗಳು ನೆಚ್ಚಿಕೊಂಡಿದ್ದ, ಒಂದೇ ಸಮತಲದಲ್ಲಿ ಲೇಸರ್ ಕಿರಣ ಬೀಸುವ ದೂರಮಾಪಕಗಳು 2004ರಲ್ಲೂ ಅಂಗಡಿಯಲ್ಲಿ ಸಿಗುತ್ತಿದ್ದವು. ಬದಲಾದದ್ದು ತಂಡಗಳ ಕೆಲಸದ ಕ್ರಮ. ಮೊದಲ ಸಲ ವಾಹನ ಕಟ್ಟಿ ಮುಗಿಸುವುದೇ ಸಾಧನೆಯಾಗಿತ್ತು. ಎರಡನೆಯ ಸಲ ಕಟ್ಟಿದ ವಾಹನವನ್ನು ಮರುಭೂಮಿಯಲ್ಲಿ ತಿಂಗಳುಗಟ್ಟಲೆ ಓಡಿಸಿ, ಕೆಡಿಸಿ, ತಿದ್ದಿ ತಂದಿದ್ದರು.

ಗೆದ್ದ ‘ಸ್ಟ್ಯಾನ್ಲಿ’ಯ ಒಳಗನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಸೆಬಾಸ್ಟಿಯನ್ ಥ್ರನ್ ನೇತೃತ್ವದ ಸ್ಟ್ಯಾನ್‌ಫರ್ಡ್ ತಂಡ ಆರಿಸಿಕೊಂಡದ್ದು ಫೋಕ್ಸ್‌ವ್ಯಾಗನ್ ಕಂಪನಿಯ ಟುವಾರೆಗ್ ಕಾರು. ಅದರ ಮಾಡಿನ ಮೇಲೆ ಐದು ಲೇಸರ್ ಮಾಪಕಗಳು, ಒಂದು ಬಣ್ಣದ ಕ್ಯಾಮೆರಾ, ಎರಡು ರೇಡಾರ್, ಜಿಪಿಎಸ್. ಡಿಕ್ಕಿಯಲ್ಲಿ ಲ್ಯಾಪ್‌ಟಾಪ್‌ಗಳಲ್ಲಿ ಬಳಕೆಯಾಗುತ್ತಿದ್ದ ಪೆಂಟಿಯಂ-ಎಂ ಪ್ರೊಸೆಸರಿನ ಆರು ಕಂಪ್ಯೂಟರ್. ಆ ಆರಕ್ಕೂ ಪೂರ್ತಿ ಕೆಲಸ ಇರಲಿಲ್ಲ. ಅವರ ನಿಜವಾದ ತಲೆನೋವು ಬೇರೆಯೇ ಆಗಿತ್ತು. ಒರಟು ದಾರಿಯಲ್ಲಿ ಕಾರು ಕುಲುಕಿದಾಗ ಅದರ ಓರೆಯ ಅಳತೆಯಲ್ಲಿ ಚೂರು ತಪ್ಪಾದರೂ ಸಾಕು, ದೂರದ ಸಮತಟ್ಟು ನೆಲ ಎದ್ದು ನಿಂತ ಗೋಡೆಯಂತೆ ಕಾಣುತ್ತಿತ್ತು. ಆರಂಭದ ವಿಧಾನದಲ್ಲಿ ಶೇ 12ಕ್ಕೂ ಹೆಚ್ಚು ನೆಲ ಹೀಗೆ ಸುಳ್ಳು ಅಡ್ಡಿಯಾಗಿ ದಾಖಲಾಗುತ್ತಿತ್ತು. ಇದಕ್ಕೆ ಇನ್ನೂ ದುಬಾರಿಯ ಮಾಪಕ ತಂದು ಕೂರಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಮನುಷ್ಯನೊಬ್ಬ ಕಾರು ಓಡಿಸಿದ ದಾಖಲೆ ತೆಗೆದುಕೊಂಡು, ಅವನು ಚಕ್ರ ಹಾಯಿಸಿದ ನೆಲವೆಲ್ಲ ಸುರಕ್ಷಿತ ಎಂದು ಇಟ್ಟುಕೊಂಡು, ಅಳತೆಯ ತಪ್ಪು ಹೊತ್ತಿನಿಂದ ಹೊತ್ತಿಗೆ ಹೇಗೆ ಬೆಳೆಯುತ್ತದೆ ಎಂಬುದನ್ನು ಸಂಭವನೀಯತೆಯ ಲೆಕ್ಕಕ್ಕೆ ಕಲಿಸಿದರು. ಸುಳ್ಳು ಅಡ್ಡಿಗಳು ಬಹುತೇಕ ಇಲ್ಲವಾದವು. ಲೇಸರ್ ಕಿರಣ ನಂಬಿಕೆಯಿಂದ ಕಾಣುವುದು ಇಪ್ಪತ್ತು ಚಿಲ್ಲರೆ ಮೀಟರ್‌ವರೆಗೆ ಮಾತ್ರ ಎಂಬ ಮಿತಿಯನ್ನೂ ಸಾಫ್ಟ್‌ವೇರಿನಿಂದಲೇ ದಾಟಿದರು: ಹತ್ತಿರದ ಸುರಕ್ಷಿತ ನೆಲದ ಬಣ್ಣವನ್ನು ಕ್ಯಾಮೆರಾಕ್ಕೆ ಕಲಿಸಿ, ಅದೇ ಬಣ್ಣ ಎಷ್ಟು ದೂರ ಹಬ್ಬಿದೆ ಎಂದು ನೋಡಿ ವೇಗ ಹೆಚ್ಚಿಸಿದರು. ಸ್ವಯಂಚಾಲನೆಯನ್ನು ಸಾಫ್ಟ್‌ವೇರಿನ ಸಮಸ್ಯೆ ಎಂದು ಪರಿಗಣಿಸಿದ್ದೇ ತಮ್ಮ ಮೂಲ ನಿಲುವು ಎಂದು ಆ ತಂಡ ನಂತರ ತನ್ನ ಪ್ರಬಂಧದಲ್ಲಿ ಬರೆಯಿತು.

ಹೆಚ್ಚು ಸೆನ್ಸರ್ ಇದ್ದರೆ ಹೆಚ್ಚು ಸುರಕ್ಷಿತ ಎಂಬ ನಂಬಿಕೆಗೆ 2007ರ ನವೆಂಬರ್ 3ರ ‘ಅರ್ಬನ್ ಚಾಲೆಂಜ್’ ಉತ್ತರ ಕೊಟ್ಟಿದೆ. ಕ್ಯಾಲಿಫೋರ್ನಿಯಾದ ವಿಕ್ಟರ್‌ವಿಲ್ ಬಳಿಯ ಹಳೆಯ ವಾಯುನೆಲೆಯಲ್ಲಿ, ಇತರ ವಾಹನಗಳ ನಡುವೆ, ಸಂಚಾರ ನಿಯಮ ಪಾಲಿಸಿ ಸುಮಾರು 96 ಕಿ.ಮೀ. ಸಾಗಬೇಕಿದ್ದ ಸ್ಪರ್ಧೆ ಅದು. ಎಂಐಟಿ ತಂಡದ ‘ಟಾಲೋಸ್’ ಮೇಲೆ 64 ಕಿರಣಗಳ ಸುತ್ತುವ ಲಿಡಾರ್, 12 ಲೇಸರ್ ಮಾಪಕ, 15 ರೇಡಾರ್, 5 ಕ್ಯಾಮೆರಾ ಇದ್ದವು. ಒಳಗೆ 40 ಕೋರ್‌ಗಳ ಕಂಪ್ಯೂಟರ್ ಗುಂಪು. ಇಷ್ಟಿದ್ದೂ ಅದು ಕಾರ್ನೆಲ್ ತಂಡದ ‘ಸ್ಕೈನೆಟ್’ಗೆ ಕಡಿಮೆ ವೇಗದಲ್ಲಿ ಡಿಕ್ಕಿ ಹೊಡೆಯಿತು. ಎರಡೂ ತಂಡಗಳು ತಮ್ಮ ದಾಖಲೆಗಳನ್ನು ಪರಸ್ಪರ ಹಂಚಿಕೊಂಡು ಜಂಟಿ ಪ್ರಬಂಧ ಬರೆದವು. ಅದರಲ್ಲಿ ಹೊರಬಿದ್ದ ಕಾರಣಗಳು ಕಣ್ಣಿಗೆ ಸಂಬಂಧಿಸಿದವಲ್ಲ. ಇಲ್ಲದ ಅಡ್ಡಿಯೊಂದನ್ನು ಇದೆಯೆಂದು ಭಾವಿಸಿ ಸ್ಕೈನೆಟ್ ನಿಂತು ನಿಂತು ಸಾಗುತ್ತಿತ್ತು. ನಿಧಾನವಾಗಿ ಚಲಿಸುವುದೆಲ್ಲ ನಿಶ್ಚಲ ವಸ್ತು ಎಂದು ಟಾಲೋಸ್ ತಿಳಿದಿತ್ತು. ಎದುರಿನ ವಾಹನ ಮುಂದೇನು ಮಾಡಬಹುದು ಎಂದು ಎರಡೂ ಊಹಿಸಲಿಲ್ಲ. ಟಾಲೋಸ್‌ಗೆ ಸ್ಕೈನೆಟ್ ಕಾಣುತ್ತಿತ್ತು. ಕಂಡದ್ದು ಏನೆಂದು ತಿಳಿಯಲಿಲ್ಲ. ಆ ತಿಳಿವಳಿಕೆಯನ್ನು ಹದಿನಾರನೆಯ ರೇಡಾರ್ ಕೊಡುತ್ತಿರಲಿಲ್ಲ. ಆದರೂ ಆ ಎರಡು ತಂಡಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಎರಡೂ ಸ್ಪರ್ಧೆ ಮುಗಿಸಿದವು, ಎಲ್ಲ ದಾಖಲೆ ಇಟ್ಟುಕೊಂಡಿದ್ದವು, ಸೋಲಿನ ಕಾರಣವನ್ನು ಲೋಕಕ್ಕೆ ತೆರೆದು ತೋರಿಸಿದವು. ದಾಖಲೆ ಇಲ್ಲದಿದ್ದರೆ ಆ ಡಿಕ್ಕಿ ಬರೀ ದುರದೃಷ್ಟವಾಗಿ ಉಳಿಯುತ್ತಿತ್ತು.

ಅದೇ ಸ್ಪರ್ಧೆಯಲ್ಲಿ ಗುರಿ ಮುಟ್ಟಿದ್ದು ಆರು ವಾಹನಗಳು. ಅವುಗಳಲ್ಲಿ ಐದು ತಂಡಗಳಿಗೆ ಡಾರ್ಪಾದ 10 ಲಕ್ಷ ಡಾಲರ್‌ವರೆಗಿನ ನೆರವಿನ ಬೆಂಬಲವಿತ್ತು. ಆರನೆಯದು ಪೆನ್ಸಿಲ್ವೇನಿಯಾ ಮತ್ತು ಲೀಹೈ ವಿಶ್ವವಿದ್ಯಾಲಯದವರು ಸೇರಿ ಟೊಯೋಟಾ ಪ್ರಿಯಸ್ ಕಾರಿನ ಮೇಲೆ ಕಟ್ಟಿದ ‘ಲಿಟಲ್ ಬೆನ್’. ಅದಕ್ಕೆ ಆ ನೆರವು ಇರಲಿಲ್ಲ. ಅದರ ಸಾಫ್ಟ್‌ವೇರಿನ ಬಹುಪಾಲು ಬರೆದದ್ದು ಮ್ಯಾಟ್‌ಲ್ಯಾಬ್‌ನಲ್ಲಿ, ಅಂದರೆ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಯೋಗಾಲಯದಲ್ಲಿ ದಿನವೂ ಬಳಸುವ ಸಾಧನದಲ್ಲಿ. ವೇಗದ ಕೆಲಸಕ್ಕೆ ಅದು ಸಲ್ಲದು ಎಂದು ಹೇಳುವವರು ಇದ್ದೇ ಇರುತ್ತಾರೆ. ಆದರೆ ಚಿಕ್ಕ ತಂಡ, ತನಗೆ ಚೆನ್ನಾಗಿ ಗೊತ್ತಿರುವ ಭಾಷೆಯಲ್ಲಿ, ಇಡಿಯಾಗಿ ಓದಿ ಅರ್ಥಮಾಡಿಕೊಳ್ಳಬಹುದಾದಷ್ಟು ಚಿಕ್ಕ ಪ್ರೋಗ್ರಾಂ ಬರೆದರೆ, ತಪ್ಪು ಕಂಡ ದಿನವೇ ತಿದ್ದಿ ಮರುದಿನ ಮತ್ತೆ ಓಡಿಸಬಹುದು. ಸಾಫ್ಟ್‌ವೇರ್ ಆಯ್ಕೆಯಲ್ಲಿ ನಾವು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದೇ: ಸ್ಪರ್ಧೆಯ ಹಿಂದಿನ ರಾತ್ರಿ ತೊಂದರೆ ಬಂದರೆ, ತಂಡದಲ್ಲಿ ಇದನ್ನು ಬಿಚ್ಚಿ ನೋಡಬಲ್ಲವರು ಎಷ್ಟು ಮಂದಿ?

ಹಾಗಾದರೆ ಹಾರ್ಡ್‌ವೇರಿಗೆ ಬೆಲೆಯೇ ಇಲ್ಲವೇ ಎಂಬ ಆಕ್ಷೇಪ ಬರುತ್ತದೆ, ಅದು ನ್ಯಾಯವಾದದ್ದೇ. 2007ರಲ್ಲಿ ಗುರಿ ಮುಟ್ಟಿದ ಆರರಲ್ಲಿ ಐದು ವಾಹನಗಳ ಮೇಲೆ ವೆಲೊಡೈನ್ ಕಂಪನಿಯ ಸುತ್ತುವ ಲಿಡಾರ್ ಇತ್ತು. ಸುತ್ತಲಿನ ಎಲ್ಲ ದಿಕ್ಕನ್ನೂ ಒಂದೇ ಸಾಧನ ನೋಡುವಂತೆ ಮಾಡಿ, ಅದು ಸಾಫ್ಟ್‌ವೇರಿನ ಎಷ್ಟೋ ಕಷ್ಟವನ್ನು ಹಗುರ ಮಾಡಿತು ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಅದರ ಹಿಂದಿನ ಕತೆಯನ್ನೂ ನೋಡಬೇಕು. ಆ ಲಿಡಾರನ್ನು ಕಂಡುಹಿಡಿದ ಡೇವಿಡ್ ಹಾಲ್ 2005ರಲ್ಲಿ ಅದನ್ನು ತಮ್ಮ ವಾಹನಕ್ಕೇ ಅಳವಡಿಸಿ ಸ್ಪರ್ಧಿಸಿದ್ದರು. ಆ ದಿನ ಇಡೀ ಮೈದಾನದಲ್ಲಿ ಬೇರಾರ ಬಳಿಯೂ ಇಲ್ಲದ ಕಣ್ಣು ಅವರ ಬಳಿ ಇತ್ತು. ಸ್ಟಿಯರಿಂಗ್ ನಿಯಂತ್ರಿಸುವ ಸರ್ಕ್ಯೂಟ್ ಕೈಕೊಟ್ಟು ವಾಹನ ನಿಂತುಹೋಯಿತು. ಅದೇ ವರ್ಷ ಮುನ್ನಡೆಯಲ್ಲಿದ್ದ ಕಾರ್ನೆಗಿ ಮೆಲನ್‌ನ ‘ಹೈಲ್ಯಾಂಡರ್’ ನಡುದಾರಿಯಲ್ಲಿ ಎಂಜಿನ್ ಬಲ ಕಳೆದುಕೊಂಡು ಸ್ಟ್ಯಾನ್ಲಿಗೆ ದಾರಿ ಬಿಡಬೇಕಾಯಿತು. ಸ್ಪರ್ಧೆಗೆ ಕೆಲವೇ ವಾರ ಮುಂಚೆ ಅದು ಪಲ್ಟಿಯಾಗಿತ್ತು. ಎಂಜಿನ್ ಬಲ ಕುಂದಿದ್ದರ ಕಾರಣ ತಿಳಿದದ್ದು ಹನ್ನೆರಡು ವರ್ಷಗಳ ನಂತರ: ಎಂಜಿನ್ನಿನ ಇಂಧನ ವ್ಯವಸ್ಥೆಯ ಒಂದು ಸಣ್ಣ ಎಲೆಕ್ಟ್ರಾನಿಕ್ ಫಿಲ್ಟರ್ ಕೆಟ್ಟಿತ್ತು. ಹಾರ್ಡ್‌ವೇರ್ ಮುಖ್ಯ, ಆದರೆ ಅದರ ಮುಖ್ಯತ್ವ ನಂಬಿಕೆಯಲ್ಲಿದೆ. ವೈರು, ಕನೆಕ್ಟರ್, ವಿದ್ಯುತ್ ಪೂರೈಕೆ, ಸ್ಟಿಯರಿಂಗ್ ಮೋಟಾರು, ಬ್ರೇಕು ಇವು ಗಟ್ಟಿಯಾಗಿರುವುದು ಎರಡನೆಯ ಲಿಡಾರ್ ಇರುವುದಕ್ಕಿಂತ ಹೆಚ್ಚು ಬೆಲೆಬಾಳುತ್ತದೆ. ಇಂಥ ಹುಳುಕುಗಳು ಬಯಲಾಗುವುದೂ ಓಡಿಸಿದಾಗಲೇ. ಕೊನೆಯ ವಾರ ಹೊಸ ಸೆನ್ಸರ್ ಅಂಟಿಸುವ ತಂಡ, ಪರೀಕ್ಷೆಯೇ ಆಗದ ಹೊಸ ವಾಹನವನ್ನು ಸ್ಪರ್ಧೆಗೆ ತರುತ್ತದೆ.

ಎಲ್ಲರಿಗೂ ಒಂದೇ ಹಾರ್ಡ್‌ವೇರ್ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೂ ಪುರಾವೆ ಇದೆ. 2021ರ ಅಕ್ಟೋಬರ್ 23ರಂದು ನಡೆದ ಇಂಡಿ ಆಟೊನಮಸ್ ಚಾಲೆಂಜ್‌ನಲ್ಲಿ ಪ್ರತಿ ವಿಶ್ವವಿದ್ಯಾಲಯ ತಂಡಕ್ಕೂ ಡಲ್ಲಾರಾ ಕಂಪನಿಯ ಒಂದೇ ಮಾದರಿಯ ರೇಸ್ ಕಾರು, ಅದೇ ಲಿಡಾರ್, ಅದೇ ರೇಡಾರ್, ಅದೇ ಕಂಪ್ಯೂಟರ್. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಕಾರು ಗಂಟೆಗೆ ಸರಾಸರಿ ಸುಮಾರು 218 ಕಿ.ಮೀ. ವೇಗದ ಸುತ್ತುಗಳನ್ನು ಹಾಕಿ 10 ಲಕ್ಷ ಡಾಲರ್ ಗೆದ್ದಿತು. ಅದೇ ಬಗೆಯ ಕಾರಿದ್ದ ಬೇರೆ ಕೆಲವು ತಂಡಗಳಿಗೆ ಓಟ ಮುಗಿಸುವುದೇ ಕಷ್ಟವಾಯಿತು. ಸಾಧನ ಒಂದೇ ಆದಾಗ ಉಳಿಯುವ ಅಂತರವೆಲ್ಲ ಸಾಫ್ಟ್‌ವೇರಿನದು, ಪರೀಕ್ಷೆಯದು. ಇದರ ಇನ್ನೊಂದು ಮುಖ 2020ರ ಅಕ್ಟೋಬರ್‌ನ ರೋಬೊರೇಸ್ ಸ್ಪರ್ಧೆಯಲ್ಲಿ ಕಂಡಿತು. ಒಂದು ಕಾರು ಹೊರಟ ಕೂಡಲೇ ಬಲಕ್ಕೆ ತಿರುಗಿ ನೇರವಾಗಿ ಗೋಡೆಗೆ ಗುದ್ದಿತು. ಸ್ಟಿಯರಿಂಗ್‌ಗೆ ಹೋಗಬೇಕಿದ್ದ ಆದೇಶದ ಜಾಗದಲ್ಲಿ ಸಂಖ್ಯೆಯೇ ಅಲ್ಲದ ಮೌಲ್ಯವೊಂದು ಸೇರಿಕೊಂಡಿತ್ತು ಎಂದು ತಂಡ ಆಮೇಲೆ ತಿಳಿಸಿತು. ಬಂದ ಆದೇಶ ಸಂಖ್ಯೆಯೇ, ಮಿತಿಯೊಳಗಿದೆಯೇ, ಹೊತ್ತಿಗೆ ಸರಿಯಾಗಿ ಬಂದಿದೆಯೇ ಎಂದು ಸ್ಟಿಯರಿಂಗ್ ಬಾಗಿಲಲ್ಲೇ ಕೇಳುವ ನಾಲ್ಕು ಸಾಲು ಪ್ರೋಗ್ರಾಂ ಇಂಥ ಅವಘಡವನ್ನು ತಡೆಯಬಲ್ಲದು. ಆದ್ದರಿಂದ ಒಂದು ನಿಯಮವನ್ನು ಯಾವ ತಂಡವೂ ಸಡಿಲಿಸಬಾರದು: ದಾರಿ ಯೋಚಿಸುವ ದೊಡ್ಡ ಕಂಪ್ಯೂಟರ್ ಬೇರೆ, ಸ್ಟಿಯರಿಂಗ್ ಮತ್ತು ಬ್ರೇಕ್ ಹಿಡಿಯುವ ಪುಟ್ಟ ಮೈಕ್ರೊಕಂಟ್ರೋಲರ್ ಬೇರೆ. ಮೇಲಿನಿಂದ ಸಂದೇಶ ನಿಂತರೆ ಕೆಳಗಿನದು ತಾನಾಗಿ ವಾಹನ ನಿಲ್ಲಿಸಬೇಕು. ತುರ್ತು ಬ್ರೇಕ್ ಈ ಎರಡನ್ನೂ ನೆಚ್ಚದೆ ಕೆಲಸ ಮಾಡಬೇಕು.

ಸಿದ್ಧ ಸಾಫ್ಟ್‌ವೇರ್ ಬಳಸಿದರೆ ವಿದ್ಯಾರ್ಥಿಗಳು ಕಲಿಯುವುದೇನು ಎಂಬ ಆಕ್ಷೇಪವನ್ನು ಪ್ರಾಧ್ಯಾಪಕರು ಎತ್ತುತ್ತಾರೆ. ಇಂದು ಬಹುತೇಕ ತಂಡಗಳು ಆರ್‌ಒಎಸ್ ಎಂಬ ಮುಕ್ತ ತಂತ್ರಾಂಶದ ಮೇಲೆ ಕಟ್ಟುತ್ತವೆ. ಅದು ವಾಹನ ಓಡಿಸಿ ಕೊಡುವುದಿಲ್ಲ. ಕ್ಯಾಮೆರಾ, ಲಿಡಾರ್, ದಾರಿಯ ಯೋಜನೆ, ನಿಯಂತ್ರಣ ಎಂಬ ಬೇರೆ ಬೇರೆ ಭಾಗಗಳ ನಡುವೆ ಸಂದೇಶ ಸಾಗಿಸುತ್ತದೆ, ಪ್ರತಿ ಸಂದೇಶವನ್ನೂ ಸಮಯದ ಗುರುತಿನೊಂದಿಗೆ ದಾಖಲಿಸುತ್ತದೆ, ಆ ದಾಖಲೆಯನ್ನು ಮೇಜಿನ ಮೇಲೆ ಮತ್ತೆ ಮತ್ತೆ ಆಡಿಸಲು ಬಿಡುತ್ತದೆ. ಸ್ಟ್ಯಾನ್ಲಿಯ ತಂಡ ಇದೇ ಗುಣಗಳನ್ನು ತನ್ನ ಸುಮಾರು 30 ಭಾಗಗಳ ಸಾಫ್ಟ್‌ವೇರಿನಲ್ಲಿ ತಾನೇ ಕಟ್ಟಿಕೊಳ್ಳಬೇಕಾಯಿತು. ಪ್ರತಿ ಮಾಹಿತಿಗೂ ಸಮಯದ ಗುರುತು, ಒಡೆಯನಂತೆ ಕೂತ ಕೇಂದ್ರ ಪ್ರೋಗ್ರಾಂ ಇಲ್ಲದಿರುವುದು, ಸ್ಥಗಿತವಾದ ಭಾಗವನ್ನು ಗಮನಿಸುವ ಕಾವಲು. ಇಂದು ಅದು ಉಚಿತವಾಗಿ ಸಿಗುವಾಗ ಮತ್ತೆ ಬರೆಯುತ್ತ ಕೂರುವುದರಲ್ಲಿ ಹೊಸ ಕಲಿಕೆ ಕಡಿಮೆ. ಕಲಿಕೆ ಇರುವುದು ವಾಹನ ತಾನೆಲ್ಲಿದ್ದೇನೆ ಎಂದು ತಿಳಿಯುವ ಲೆಕ್ಕದಲ್ಲಿ, ದಾರಿ ಆರಿಸುವ ವಿಧಾನದಲ್ಲಿ, ಟೈರಿನ ಹಿಡಿತದ ಗಣಿತದಲ್ಲಿ. ಒಂದು ಎಚ್ಚರ ಮಾತ್ರ ಬೇಕು: ಆರ್‌ಒಎಸ್‌ನ ಮೊದಲ ಪೀಳಿಗೆಯ ಕೊನೆಯ ಆವೃತ್ತಿಗೆ 2025ರ ಮೇ ತಿಂಗಳಲ್ಲಿ ಬೆಂಬಲ ಮುಗಿದಿದೆ. ಹಿರಿಯ ವಿದ್ಯಾರ್ಥಿಗಳು ಬಿಟ್ಟುಹೋದ ಹಳೆಯ ಪ್ರೋಗ್ರಾಂ ಇದೆ ಎಂಬ ಕಾರಣಕ್ಕೆ ಅದರಲ್ಲೇ ಉಳಿಯುವವರು ಮುಂದಿನ ಪೀಳಿಗೆಗೆ ಸಾಲ ಹೊರಿಸುತ್ತಾರೆ. ಹೊಸ ತಂಡ ಎರಡನೆಯ ಪೀಳಿಗೆಯಿಂದಲೇ ಆರಂಭಿಸಬೇಕು.

ಕ್ಯಾಮೆರಾ ಒಂದೇ ಸಾಕು, ಚಿತ್ರ ನೋಡಿ ಸ್ಟಿಯರಿಂಗ್ ತಿರುಗಿಸಲು ನ್ಯೂರಲ್ ನೆಟ್‌ವರ್ಕ್‌ಗೆ ಕಲಿಸಿಬಿಟ್ಟರೆ ಮುಗಿಯಿತು, ಉಳಿದದ್ದೆಲ್ಲ ಹಳೆಯ ಕಾಲದ್ದು ಎಂಬ ವಾದವೂ ಇದೆ. ರಾಸ್ಪ್‌ಬೆರಿ ಪೈ ಮತ್ತು ಒಂದು ಕ್ಯಾಮೆರಾದಿಂದ ನಡೆಯುವ ಡಾಂಕಿ ಕಾರ್‌ನಂಥ ಪುಟ್ಟ ವಾಹನಗಳು ಈ ವಿಧಾನದಲ್ಲಿ ಸೊಗಸಾಗಿ ಓಡುತ್ತವೆ; ಕಲಿಕೆಗೆ ಅದು ಒಳ್ಳೆಯ ಬಾಗಿಲು. ಆದರೆ ಇಡೀ ನಿರ್ಧಾರವನ್ನು ಒಂದೇ ನೆಟ್‌ವರ್ಕ್‌ಗೆ ಒಪ್ಪಿಸಿದರೆ, ತಪ್ಪಿದಾಗ ಎಲ್ಲಿ ತಪ್ಪಿತು ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ವರ್ಷಕ್ಕೊಮ್ಮೆ ಬರುವ ಸ್ಪರ್ಧೆಗೆ ಸಿದ್ಧವಾಗುವ ತಂಡಕ್ಕೆ ಅದು ದುಬಾರಿ. 2017ರಲ್ಲಿ ಜರ್ಮನಿಯ ಫಾರ್ಮುಲಾ ಸ್ಟೂಡೆಂಟ್‌ನಲ್ಲಿ ಆರಂಭವಾದ ಚಾಲಕರಹಿತ ವಿಭಾಗದಲ್ಲಿ ಆ ವರ್ಷವೂ ಮರುವರ್ಷವೂ ಗೆದ್ದ, ಜ್ಯೂರಿಕ್‌ನ ಇಟಿಎಚ್‌ನ ಎಎಂಝಡ್ ತಂಡ ನಡುದಾರಿ ಹಿಡಿಯಿತು. ಆ ಸ್ಪರ್ಧೆಯಲ್ಲಿ ಎಡಕ್ಕೆ ನೀಲಿ, ಬಲಕ್ಕೆ ಹಳದಿ ಶಂಕುಗಳ ನಡುವೆ ಗೊತ್ತಿಲ್ಲದ ದಾರಿಯಲ್ಲಿ ಓಡಬೇಕು. ತಂಡ ಲಿಡಾರ್ ಮತ್ತು ಕ್ಯಾಮೆರಾ ಎರಡೂ ಸ್ವತಂತ್ರವಾಗಿ ಶಂಕು ಗುರುತಿಸುವಂತೆ ಕಟ್ಟಿತು. ಒಂದು ಕೈಕೊಟ್ಟರೆ ಇನ್ನೊಂದರಿಂದ ಓಟ ಮುಂದುವರಿಯಬೇಕು ಎಂಬುದು ಉದ್ದೇಶ. ನೀಲಿ ಶಂಕುವಿನ ಮೇಲಿನ ಬಿಳಿ ಪಟ್ಟಿ, ಹಳದಿಯ ಮೇಲಿನ ಕಪ್ಪು ಪಟ್ಟಿ ಲೇಸರ್ ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಮರಳಿಸುತ್ತವೆ ಎಂಬುದನ್ನು ಬಳಸಿ, ಬಣ್ಣವೇ ಕಾಣದ ಲಿಡಾರ್‌ನಿಂದಲೂ ಬಣ್ಣ ಊಹಿಸಿದರು. ಕಲಿಯುವ ನೆಟ್‌ವರ್ಕ್ ಅಲ್ಲಿಯೂ ಇತ್ತು, ಆದರೆ ತನಗೆ ಗೊತ್ತುಮಾಡಿದ ಜಾಗದಲ್ಲಿ. ಎರಡು ಬಗೆಯ ಸೆನ್ಸರ್ ಸಾಕು, ಪ್ರತಿಯೊಂದನ್ನೂ ಕೊನೆಯ ಹನಿಯವರೆಗೆ ದುಡಿಸಿಕೊಳ್ಳಬೇಕು ಎಂಬುದೇ ಅವರ ಪಾಠ.

ಓಡಿಸುವುದೇ ದುಬಾರಿ, ಜಾಗ ಎಲ್ಲಿದೆ, ಕಂಪ್ಯೂಟರ್ ಸಿಮ್ಯುಲೇಷನ್‌ನಲ್ಲಿ ಪರೀಕ್ಷಿಸಿದರೆ ಸಾಲದೇ ಎಂಬುದು ಕೊನೆಯ, ನಮ್ಮ ಕಾಲೇಜುಗಳಿಗೆ ಹೆಚ್ಚು ಅನ್ವಯಿಸುವ ಆಕ್ಷೇಪ. ಸಿಮ್ಯುಲೇಷನ್ ಬೇಕೇ ಬೇಕು. ದಿನಕ್ಕೆ ನೂರು ಸಲ ತಪ್ಪಿದರೂ ಏನೂ ಮುರಿಯದ ಜಾಗ ಅದೊಂದೇ. ಆದರೆ ಸ್ಟ್ಯಾನ್ಲಿಯನ್ನು ಕಾಡಿದ ಸುಳ್ಳು ಗೋಡೆ ಹುಟ್ಟಿದ್ದು ನಿಜವಾದ ಕುಲುಕಾಟದಲ್ಲಿ. ಎದುರು ಬಿಸಿಲು, ಧೂಳು, ಸಡಿಲ ಕನೆಕ್ಟರ್, ಮಧ್ಯಾಹ್ನದ ಕಾವಿಗೆ ನಿಧಾನವಾಗುವ ಕಂಪ್ಯೂಟರ್ ಇವನ್ನು ನಾವು ಮೊದಲೇ ಊಹಿಸಿ ಬರೆದರೆ ಮಾತ್ರ ಸಿಮ್ಯುಲೇಷನ್ ತೋರಿಸುತ್ತದೆ. ಊಹಿಸದೆ ಬಿಟ್ಟದ್ದೇ ಸ್ಪರ್ಧೆಯ ದಿನ ಎದುರಾಗುತ್ತದೆ. ಖರ್ಚಿನ ವಿಷಯಕ್ಕೆ ಬಂದರೆ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಎಫ್‌1ಟೆಂತ್ ಸ್ಪರ್ಧೆ ದಾರಿ ತೋರಿಸಿದೆ. ಹತ್ತನೇ ಒಂದು ಗಾತ್ರದ ಆಟಿಕೆ ರೇಸ್ ಕಾರಿನ ಮೇಲೆ ಒಂದು ಚಿಕ್ಕ ಲಿಡಾರ್, ಒಂದು ಪುಟ್ಟ ಕಂಪ್ಯೂಟರ್. ದೊಡ್ಡ ಕಾರಿನ ಅದೇ ಗಣಿತ, ಅದೇ ಆರ್‌ಒಎಸ್, ಅದೇ ದಾಖಲೆ. ಕಾಲೇಜಿನ ಸಭಾಂಗಣದಲ್ಲೇ ಸಂಜೆ ಹೊತ್ತು ಓಡಿಸಬಹುದು. ಮೊದಲ ವರ್ಷ ಇಂಥದ್ದರಲ್ಲಿ ಕಲಿತು, ಎರಡನೆಯ ವರ್ಷ ದೊಡ್ಡ ವಾಹನಕ್ಕೆ ಕೈಹಾಕುವ ಕಾಲೇಜು, ಮೊದಲ ದಿನವೇ ದುಬಾರಿ ಲಿಡಾರ್ ತರಿಸಿದ ಕಾಲೇಜಿಗಿಂತ ಮುಂದಿರುತ್ತದೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಇದನ್ನು ಬದಲಿಸುವ ಶಕ್ತಿ ವಿದ್ಯಾರ್ಥಿಗಳಿಗಿಂತ ಹೆಚ್ಚಾಗಿ ಹಣ ಕೊಡುವವರ, ಅಂಕ ಕೊಡುವವರ ಕೈಯಲ್ಲಿದೆ. ಪ್ರಾಯೋಜಕರು ಸೆನ್ಸರ್‌ಗೆ ಚೆಕ್ ಬರೆಯುವ ಮೊದಲು ತಂಡದ ಹಿಂದಿನ ಓಟಗಳ ದಾಖಲೆ ಕೇಳಲಿ. ಪ್ರತಿ ವೈಫಲ್ಯಕ್ಕೆ ಕಾರಣ ಬರೆದಿದ್ದಾರೆಯೇ ಎಂದು ನೋಡಲಿ. ತೀರ್ಪುಗಾರರು ವಿನ್ಯಾಸದ ಅಂಕದ ಒಂದು ಪಾಲನ್ನು ಪರೀಕ್ಷೆಯ ಶಿಸ್ತಿಗೆ ಮೀಸಲಿಡಲಿ. ಸ್ಪರ್ಧೆಗೆ ನಿಗದಿತ ವಾರಗಳ ಮುಂಚೆ ಹಾರ್ಡ್‌ವೇರ್ ಬದಲಾವಣೆ ನಿಲ್ಲಿಸುವ ನಿಯಮವನ್ನು ತಂಡಗಳೇ ಹಾಕಿಕೊಳ್ಳಲಿ. ಎಲ್ಲಕ್ಕಿಂತ ಮುಖ್ಯವಾಗಿ, ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು ಭಾಗದ ಕಾಲೇಜುಗಳು ಒಂದೊಂದೇ ದುಬಾರಿ ಸಾಧನ ಕೊಳ್ಳುವ ಬದಲು, ಪ್ರದೇಶಕ್ಕೊಂದರಂತೆ ಬೇಲಿ ಹಾಕಿದ ಪರೀಕ್ಷಾ ಮೈದಾನವನ್ನು ಸೇರಿ ಕಟ್ಟಿಕೊಳ್ಳಲಿ, ಅಲ್ಲಿನ ದಾಖಲೆಗಳನ್ನು ಎಲ್ಲರಿಗೂ ತೆರೆದಿಡಲಿ. ಎಂಐಟಿ ಮತ್ತು ಕಾರ್ನೆಲ್ ತಂಡಗಳು ತಮ್ಮ ಡಿಕ್ಕಿಯ ದಾಖಲೆ ಹಂಚಿಕೊಂಡದ್ದರಿಂದ ಜಗತ್ತಿನ ಎಲ್ಲ ತಂಡಗಳೂ ಕಲಿತವು. ಆ ಔದಾರ್ಯ ನಮ್ಮಲ್ಲೂ ರೂಢಿಯಾಗಬೇಕು. ಇವತ್ತು ಸ್ಪರ್ಧೆಗೆ ವಾಹನ ಕಟ್ಟುವವರೇ ನಾಳೆ ಜನ ಕೂರುವ ವಾಹನಗಳ ಬ್ರೇಕಿಗೆ ಪ್ರೋಗ್ರಾಂ ಬರೆಯುವವರು. ಯಾವ ಸೆನ್ಸರ್ ಕೊಳ್ಳಬೇಕೆಂಬುದನ್ನು ಅವರು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ತಪ್ಪನ್ನು ಹುಡುಕಿ, ದಾಖಲಿಸಿ, ಒಪ್ಪಿಕೊಂಡು, ತಿದ್ದಿ ಮತ್ತೆ ಓಡಿಸುವ ಅಭ್ಯಾಸಕ್ಕೆ ವರ್ಷಗಳು ಬೇಕು. ಆ ವರ್ಷಗಳನ್ನು ಅವರಿಗೆ ಒದಗಿಸುವುದೇ ಕಾಲೇಜುಗಳ ಕೆಲಸ.